ಮುಳ್ಳು ಕಟ್ಟಿದ ಪದಬಂಧ

ಜೂನ್ 2, ಸೋಮವಾರ

ಊಟದ ಬಿಡುವು. ಹಲ್ಲಿನ ಡಾಕ್ಟರು ಮನೆಗೆ ಹೋದ ಕೂಡಲೇ ನಾನು ಚೀಟಿ ಬರೆಯುವ ಈ ಕ್ಲಿನಿಕ್ಕಿನ ಬೆಂಚು ನಮ್ಮದು. ಕೆಳಗಿನ ಮೆಡಿಕಲ್ ಶಾಪಿನ ಅಕ್ಕ ಡಬ್ಬಿ ಹಿಡಿದು ಬಂದರು. ಎದುರಿನ ಡ್ರೈವಿಂಗ್ ಸ್ಕೂಲಿನಿಂದ ಕಹಳೆ — ಮೆಲ್ಲಗೆ ಮಾತಾಡಲು ಬಾರದ ಮನುಷ್ಯನಿಗೆ ನಾವಿಟ್ಟ ಹೆಸರು. ಭಾನುವಾರದ ಪದಬಂಧವನ್ನು ಸೋಮವಾರದವರೆಗೆ ಯಾರೂ ನೋಡಕೂಡದು — ನಮ್ಮ ಕಟ್ಟುಪಾಡು. ಕೊನೆಯ ಸುಳಿವು ಎಂದಿನಂತೆ ನನಗೇ ಮೊದಲು ಹೊಳೆಯಿತು. "ಅಯ್ಯೋ, ನನ್ನ ಬಾಯಲ್ಲೇ ಇತ್ತು ಕಣೇ!" ಅಂದರು ಅಕ್ಕ. ನಕ್ಕು ನಕ್ಕು ಸಾಕಾಯಿತು. ವಾರವೆಲ್ಲ ಹಲ್ಲುನೋವಿನ ಮುಖಗಳು. ಈ ಒಂದು ಗಂಟೆಗೇ ಕಾಯುತ್ತೇನೆ.

ಪತ್ರಿಕೆಯವರು ಸ್ಪರ್ಧೆ ಇಟ್ಟಿದ್ದಾರೆ. ಮೂವರ ತಂಡ. ದಿನ ಇನ್ನೂ ಗೊತ್ತಾಗಬೇಕು. ಹೆಸರು ಕೊಡೋದು ಕಹಳೆಯ ಕೆಲಸ. ನಾವೇ ಗೆಲ್ಲೋದು!

ಜೂನ್ 16, ಸೋಮವಾರ

ಪತ್ರಿಕೆಯಲ್ಲಿ ಪಟ. ಕಪ್ ಹಿಡಿದ ಕಹಳೆ, ಪಕ್ಕದಲ್ಲಿ ಅಕ್ಕ. ನನ್ನ ಜಾಗದಲ್ಲಿ ಕಹಳೆಯ ಅಣ್ಣನ ಮಗ! ನನಗೆ ಒಂದು ಮಾತೂ ಹೇಳಿಲ್ಲ.

ಅಕ್ಕ ಕೈ ಹಿಡಿದುಕೊಂಡರು. "ಏನ್ ಮಾಡ್ಲಿ ಹೇಳು, ಕೊನೇ ಗಳಿಗೇಲಿ ಕಹಳೆನೇ ಹೀಗ್ ಮಾಡ್ಬಿಟ್ರು. ನೀನೇನೂ ಕೇಳೋಕೆ ಹೋಗ್ಬೇಡ, ಸುಮ್ನೆ ಜಗಳ ಆಗುತ್ತೆ."

ಕೇಳುವುದಿಲ್ಲ. ಮಾಡಿ ತೋರಿಸುತ್ತೇನೆ.

ಜುಲೈ 3, ಗುರುವಾರ

ಪತ್ರಿಕೆಯಿಂದ ಫೋನ್. ನಾನು ಕಟ್ಟಿ ಕಳಿಸಿದ ಪದಬಂಧ ಓಕೆ ಆಗಿದೆ. ಇನ್ನು ಭಾನುವಾರದ್ದು ನನ್ನದೇ. "ಹೆಸರು 'ಮುಳ್ಳು' ಅಂತ ಹಾಕಿ" ಎಂದೆ. ಆ ಕಹಳೆ ತನ್ನ ಬಂಡವಾಳವನ್ನು ತನ್ನ ಕೈಯಾರೆ ಚೌಕಗಳಲ್ಲಿ ತುಂಬಬೇಕು. ಆಗ ಆ ಮುಖ ನಾನು ನೋಡಬೇಕು.

ಜುಲೈ 14, ಸೋಮವಾರ

"ನಾಟಕ, ಪಟ — ಸೇರಿದಲ್ಲಿ ಅಡಗಿ ಕೂತ ಮೋಸ. ಮೂರಕ್ಷರ."

"ಕಪಟ!" ಎಂದು ಅರಚಿ ತೊಡೆ ತಟ್ಟಿಕೊಂಡ ಕಹಳೆ. "ಯಾರಮ್ಮ ಈ ಮುಳ್ಳು? ಏನ್ ತಲೆ ಅಂತೀನಿ! ಕಾಲಿಗೆ ಬೀಳ್ಬೇಕು ಅನ್ಸುತ್ತೆ!"

ಎಮ್ಮೆ ಚರ್ಮ. ಮುಂದಿನದು ಇನ್ನೂ ಹರಿತವಾಗಿರಬೇಕು. ಅಕ್ಕ ಯಾಕೋ ಮಂಕಾಗಿದ್ದರು, ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

ಜುಲೈ 28, ಸೋಮವಾರ

"ಚೂರು, ಕೊನೆ ಬದಲಿಸಿಕೊಂಡು ಗೆಳತಿಯ ಬೆನ್ನಿಗೆ. ಎರಡಕ್ಷರ."

"ಚೂರಿ!" — ಕಹಳೆ ಕುಣಿದಾಡಿದ. ಥೂ, ಇವನಿಗೆ ಯಾವುದೂ ನಾಟುವುದಿಲ್ಲ. ಅಕ್ಕನ ಕೈಯಿಂದ ಪೆನ್ಸಿಲ್ ಜಾರಿತು. ತಲೆ ಸುತ್ತು ಎಂದು ಎದ್ದು ಹೋದರು. ಪಾಪ, ಬಿ.ಪಿ. ಇರಬೇಕು.

ಆಗಸ್ಟ್ 4, ಸೋಮವಾರ

ಅಕ್ಕ ಬರಲಿಲ್ಲ. ಕಹಳೆ ಪೆನ್ಸಿಲ್ ಮೊನೆ ಮಾಡುತ್ತ ಕೇಳಿದ: "ಅಲ್ಲಮ್ಮಾ, ಆ ಸ್ಪರ್ಧೆಗೆ ನೀನ್ಯಾಕೆ ಬರಲ್ಲ ಅಂದೆ? ನಮ್ ಹುಡುಗನ್ನ ಎಳ್ಕೊಂಡ್ ಹೋಗ್ಬೇಕಾಯ್ತು. ಅವನಿಗೋ ಏನೂ ಬರಲ್ಲ. ಅಕ್ಕನೇ ಎಲ್ಲಾ ಬಿಡಿಸಿ ಗೆಲ್ಲಿಸಿದ್ರು."

"ನಾನು ಬರಲ್ಲ ಅಂದೆ ಅಂತ ಯಾರ್ ಹೇಳಿದ್ದು?"

"ಅಕ್ಕ."

ಡಬ್ಬಿಯ ಅಕ್ಕ. ಕೈ ಹಿಡಿದುಕೊಂಡ ಅಕ್ಕ. ಅಕ್ಕನಂತೆ, ಅಕ್ಕ!

ಅದೇ ದಿನ, ಸಂಜೆ

ಮೆಡಿಕಲ್ ಶಾಪಿಗೆ ಹೋದೆ. ತಲೆಯೆತ್ತದೆ ಮಾತ್ರೆ ಕತ್ತರಿಸುತ್ತಿದ್ದಳು.

"ಮುಳ್ಳು ನೀನೇ ಅಲ್ವಾ?"

ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತೆ.

"ಇಷ್ಟು ವರ್ಷದಲ್ಲಿ ಒಂದ್ ಸುಳಿವಾದ್ರೂ ನಂಗೆ ಬಿಟ್ಟಿದ್ಯಾ? ನಾನು ಬಾಯಿ ಬಿಡೋದ್ರೊಳಗೆ ನೀನು ಹೇಳಿ ಆಗಿರ್ತಿತ್ತು. ಒಂದೇ ಒಂದ್ ಸಲ ನಾನೇ ಬಿಡಿಸ್ಬೇಕು ಅನ್ನಿಸ್ತು ಕಣೇ..." ಅತ್ತಳು.

ನನಗೆ ಅಳು ಬರಲಿಲ್ಲ. "ಸೋಮವಾರ ಬನ್ನಿ" ಎಂದೆ, ಅಷ್ಟೇ.

ಆಗಸ್ಟ್ 11, ಸೋಮವಾರ

ಬಂದಳು. ಪದಬಂಧ ನಾನೇ ಕಟ್ಟಿದ್ದು, ಅವಳಿಗೂ ಗೊತ್ತು. ಕಹಳೆ ಸುಳಿವು ಓದುವುದೇ ತಡ, ಉತ್ತರ ನನ್ನದು. ಒಂದಾದ ಮೇಲೊಂದು. ಅವಳ ತುಟಿ ಅಲ್ಲಾಡಿದಾಗಲೆಲ್ಲ ನಾನು ಮೊದಲು. "ಬೆಂಕಿ ಬಿಡಮ್ಮ ನೀನು!" ಅಂದ ಕಹಳೆ. ಅವಳ ಪೆನ್ಸಿಲ್ ಹಾಳೆಗೆ ತಾಗಲೇ ಇಲ್ಲ. ಹಾಯೆನಿಸಿತು. ಸುಳ್ಳೇಕೆ, ಬಹಳ ಹಾಯೆನಿಸಿತು.

ಉಳಿದದ್ದು ಒಂದೇ. ಕಹಳೆ ಓದಿದ. ಅವಳಿಗೆ ಹೊಳೆಯಿತು — ಕಣ್ಣು ನೋಡಿದರೇ ತಿಳಿಯುತ್ತಿತ್ತು. ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು. ನಾನು ಈ ಬಾರಿ ಮೊದಲಾಗಲಿಲ್ಲ.