ಹಳೇ ಕಾರಿಗೆ ನಿಮ್ಮ ಸಹಿ

ಹೊನ್ನವಳ್ಳಿ
17 ಜುಲೈ 2025

ಚಿರಂಜೀವಿ ದಯಾನಂದ ಅವರಿಗೆ,

ನಿಮ್ಮ ಅತ್ತೆ ಗಿರಿಜಾಂಬಿಕಾಳ ಆಶೀರ್ವಾದಗಳು. ಕಾಗದ ಬರೆಯುವವರು ಮೊದಲು ತಾವು ಕ್ಷೇಮವೆಂದು ಬರೆಯಬೇಕಂತೆ, ಬರೆದಿದ್ದೇನೆ ಅಂತಲೇ ತಿಳಿದುಕೊಳ್ಳಿ. ನೀವು, ನಿಮ್ಮ ತಾಯಿ, ನಿಸರ್ಗ ಎಲ್ಲರೂ ಚಿಕ್ಕನಾಯಕನಹಳ್ಳಿಯಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ನಿಮ್ಮ ಮದುವೆಯ ಪತ್ರಿಕೆ ಬಂದು ಎರಡು ತಿಂಗಳ ಮೇಲಾಯಿತು, ಈಗ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಮದುವೆಗೂ ಬರಲಿಲ್ಲ. ನಿಸರ್ಗಳಿಗೆ ಸೀರೆ ತಂದಿಟ್ಟಿದ್ದೆ, ಆವತ್ತು ಬೆಳಿಗ್ಗೆ ಹೊರಡಲು ತಯಾರೂ ಆಗಿದ್ದೆ. ನಿಮ್ಮ ಮಾವ ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ಮುಹೂರ್ತ ಮೀರಿಹೋಯಿತು. ನಮ್ಮ ಗಾನವಿ ತೀರಿಕೊಂಡು ಎರಡು ವರ್ಷವಾಯಿತು, ನೀವು ಮಾಡಿದ್ದು ಸರಿಯಾಗಿಯೇ ಇದೆ. ನೀವು ಒಂಟಿಯಾಗಿಯೇ ಇರಬೇಕು ಎಂದು ಬಯಸುವಷ್ಟು ಕೆಟ್ಟವಳಲ್ಲ ನಾನು. ಆದರೂ ಆ ದಿನ ನನಗೆ ಸಂತೋಷವಾಗಲಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಫೋನಿನಲ್ಲಿ ಹೇಳಬಹುದಾದ ವಿಷಯವೇ. ಆದರೆ ಹೋದ ಸಲ ನಿಮ್ಮ ದನಿ ಕೇಳಿದ ಕೂಡಲೇ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ, ನೀವು ಆ ಕಡೆಯಿಂದ ಅತ್ತೆ, ಅತ್ತೆ ಎನ್ನುತ್ತಲೇ ಇದ್ದಿರಿ. ಅದಕ್ಕೇ ಈ ಕಾಗದ. ವಿಷಯ ಇಷ್ಟೇ, ನಾವು ಕಾರು ಬದಲಾಯಿಸುತ್ತಿದ್ದೇವೆ.

ನಮ್ಮ ಬಿಳಿ ಕಾರಿನ ಕಥೆ ನಿಮಗೆ ಗೊತ್ತೇ ಇದೆ. ನೀವು ನೋಡಿದ್ದಕ್ಕಿಂತ ಈಗ ಇನ್ನೂ ಕೆಟ್ಟಿದೆ. ನಾನು ಕೂರುವ ಕಡೆಯ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ನಿಮ್ಮ ಮಾವ ಇಳಿದು ಸುತ್ತಿ ಬಂದು ಹೊರಗಿನಿಂದ ತೆಗೆಯಬೇಕು. ನೋಡಿದವರು ಏಕಾಂತಯ್ಯನವರು ಹೆಂಡತಿಗೆ ಎಷ್ಟು ಮರ್ಯಾದೆ ಕೊಡುತ್ತಾರಪ್ಪ ಎನ್ನುತ್ತಾರೆ. ಯುಗಾದಿ ಆದಮೇಲೆ ಹಂದನಕೆರೆಗೆ ಹೋಗಿ ಬರುವಾಗ ಏರಿನಲ್ಲಿ ನಿಂತುಬಿಟ್ಟಿತು, ಈ ಮಂಡಿ ಇಟ್ಟುಕೊಂಡು ನಾನೂ ತಳ್ಳಿದೆ. ರಸ್ತೆಗೆ ಇಳಿಸಲು ಬೇಕಾದ ಎಫ್‌ಸಿಯೂ ಮುಗಿಯುತ್ತಾ ಬಂತು. ಮೆಕ್ಯಾನಿಕ್ ಗಂಗಾಧರ, ಇನ್ನು ಇದಕ್ಕೆ ಹಾಕುವ ದುಡ್ಡು ದಂಡ ಎಂದು ಕೈ ಮುಗಿದ. ಈ ಸಲ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕಿತ್ತು. ನಾಲ್ಕು ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡೋಣ ಎಂದು ನಾನೇ ಹೊರಡಿಸಿದೆ. ನಿಮ್ಮ ಭಾವಮೈದ ಉಜ್ವಲ್, ಸಾಲ ಮಾಡಿಯಾದರೂ ಹೊಸದನ್ನೇ ತರೋಣ ಎಂದ. ಅವನ ಮಾತನ್ನು ಈ ಮನೆಯಲ್ಲಿ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ.

ಅಲ್ಲಿಂದ ಶುರುವಾಯಿತು ನೋಡಿ ನಿಮ್ಮ ಮಾವನ ಪರೀಕ್ಷೆ. ತಿಪಟೂರು, ತುರುವೇಕೆರೆ ಮುಗಿಸಿ ತುಮಕೂರಿನವರೆಗೂ ಹೋಗಿ ಬಂದೆವು. ಒಂದು ಕಾರು ತೀರಾ ತಗ್ಗು, ತೋಟದ ದಾರಿಯಲ್ಲಿ ತಳ ಉಜ್ಜುತ್ತದಂತೆ. ಇನ್ನೊಂದು ಎತ್ತರ, ನನ್ನ ಮಂಡಿಗೆ ಆಗುವುದಿಲ್ಲವಂತೆ. ಕಪ್ಪು ಬಣ್ಣದ್ದು ಬಿಸಿಲಿಗೆ ಕಾಯುತ್ತದೆ. ಗ್ಯಾಸಿನ ಕಾರಿನಲ್ಲಿ ಡಿಕ್ಕಿಯ ತುಂಬಾ ಸಿಲಿಂಡರ್, ಒಂದು ಮೂಟೆ ಕಾಯಿ ಇಡಲು ಜಾಗವಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲವಲ್ಲ, ಸುಮ್ಮನಿದ್ದ ಕಾಲು ಜೋಮು ಹಿಡಿಯುತ್ತದೆ ಎಂದರು. ಮಗಳಿಗೆ ಗಂಡು ನೋಡುವಾಗ ಕೂಡ ಇಷ್ಟು ಕೊಂಕು ತೆಗೆದವರಲ್ಲ, ನಿಮ್ಮನ್ನು ನೋಡಿದ ದಿನವೇ ಒಪ್ಪಿದ್ದರು. ದುಡ್ಡು ಬಿಚ್ಚಲು ಮನಸ್ಸಿಲ್ಲ, ಅದಕ್ಕೇ ಈ ನಾಟಕ ಎಂದು ನಾನು ಗೊಣಗಿಕೊಂಡೇ ಓಡಾಡಿದೆ.

ಮಾಯಸಂದ್ರದಲ್ಲಿ ಒಂದು ಕಾರು ಎಲ್ಲದಕ್ಕೂ ಹೊಂದಿತು. ಮೇಷ್ಟರೊಬ್ಬರದು ಎಂದು ಹೇಳಿದ್ದರು. ನಿಮ್ಮ ಮಾವ ಕೆರೆ ಏರಿಯವರೆಗೆ ಓಡಿಸಿಕೊಂಡು ಹೋಗಿ ಬಂದು, ನಗುತ್ತಾ ಇಳಿದರು. ಅವರು ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ಮನೆಯ ಹೆಂಗಸು ದ್ರಾಕ್ಷಾಯಣಮ್ಮ ಕಾಫಿ ತಂದುಕೊಟ್ಟು, ಮೇಷ್ಟರು ಹೋದ ವರ್ಷ ತೀರಿಕೊಂಡರು, ನನಗೆ ಓಡಿಸಲು ಬರುವುದಿಲ್ಲ, ಅದಕ್ಕೇ ಕೊಡುತ್ತಿದ್ದೇನೆ ಎಂದರು. ನಿಮ್ಮ ಮಾವ ಲೋಟ ಕೆಳಗಿಟ್ಟು ಎದ್ದುಬಿಟ್ಟರು. ರಸ್ತೆಗೆ ಬಂದಮೇಲೆ ಬಾಯಿಬಿಟ್ಟರು.

“ತೀರ್ಕಂಡೋರ ಗಾಡಿ ನಮ್ಗೆ ಬ್ಯಾಡ ಕಣೇ.”

ನನ್ನ ಬಾಯಿ ಸುಮ್ಮನಿರಬೇಕಲ್ಲ. “ನಮ್ಮ ಗಾಡಿ ನೋಡೋಕ್ ಬಂದೋರೂ ಹಂಗೇ ಅಂದ್ರೆ ಏನ್ರೀ ಮಾಡ್ತೀರಿ?” ಎಂದೆ.

ಅಲ್ಲಿಂದ ಸೀದಾ ಊರಿಗೆ ಬಂದೆವು. ಮನೆ ಮುಂದೆ ನಿಲ್ಲಿಸಿ, ಸುತ್ತಿ ಬಂದು ನನ್ನ ಬಾಗಿಲು ತೆಗೆದು, ಊಟ ಬೇಡ ಎಂದು ಒಳಗೆ ಹೋಗಿ ಮಲಗಿದರು.

ನಮ್ಮ ಕಾರು ಗಾನವಿಯ ಹೆಸರಿನಲ್ಲಿರುವುದು ನಿಮಗೆ ಗೊತ್ತು. ಏಕೆ ಎಂದು ಅವಳು ಹೇಳಿದ್ದಳೋ ಇಲ್ಲವೋ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ತೋಟ ಒಣಗಲು ಶುರುವಾಗಿತ್ತು. ನಿಮ್ಮ ಮಾವನ ಹೆಸರಿನಲ್ಲಿ ಒಂದು ಬೋರು ಕೊರೆಸಿದೆವು, ನನ್ನ ಹೆಸರಿನಲ್ಲಿ ಇನ್ನೊಂದು, ಎರಡರಲ್ಲೂ ಬರೀ ಧೂಳು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುತ್ತಿದ್ದ ಚಿಕ್ಕಹನುಮಯ್ಯ, ಈ ಸಲ ಕೂಸಿನ ಹೆಸರು ಹೇಳಿಕೊಳ್ಳಿ ಎಂದ. ನೀರು ಉಕ್ಕಿತು. ಗಾನವಿ ಆ ಕೆಸರಿನಲ್ಲಿ ಕುಣಿದು ಹೊಸ ಲಂಗವನ್ನೆಲ್ಲಾ ಹಾಳುಮಾಡಿಕೊಂಡಳು, ನಾನು ಅವಳನ್ನು ಬೈಯಲೂ ಇಲ್ಲ. ಅಲ್ಲಿಂದಾಚೆಗೆ ಈ ಮನೆಗೆ ಏನು ತಂದರೂ ಅವಳ ಹೆಸರಿಗೇ ಆಗಿಬರುವುದು ಎಂದು ನಿಮ್ಮ ಮಾವನ ನಂಬಿಕೆ. ಮದುವೆ ಮಾಡಿ ಕಳಿಸಿದ ಮೇಲೂ ಅದನ್ನು ಬದಲಾಯಿಸಲಿಲ್ಲ.

ಈಗ ಅದೇ ತೊಡಕಾಗಿದೆ. ಗಾಡಿ ಕಾಗದ ಮಾಡಿಸಿಕೊಡುವ ಭೀಮರಾಜು, ಮದುವೆಯಾಗಿ ಮಕ್ಕಳಿಲ್ಲದೆ ಹೋದ ಹೆಣ್ಣುಮಗಳಿಗೆ ಗಂಡನೇ ವಾರಸುದಾರ, ಅಪ್ಪ ಅಮ್ಮ ಅಲ್ಲ, ಅಳಿಯಂದಿರ ಸಹಿ ಇಲ್ಲದೆ ಕಾರು ಮಾರಲು ಬರುವುದಿಲ್ಲ ಎಂದ. ನಾವು ತಂದ ಕಾರು, ನಮ್ಮ ಅಂಗಳದಲ್ಲೇ ನಿಂತಿರುವ ಕಾರು, ನೋಡಿದರೆ ನಿಮ್ಮದಂತೆ. ನಗು ಬಂತು, ಆಮೇಲೆ ಬರಲಿಲ್ಲ. ಈ ಮಾತನ್ನು ಅವನು ನಿಮ್ಮ ಮಾವನಿಗೆ ನಾವು ಕಾರು ನೋಡಲು ಹೊರಟಾಗಲೇ ಹೇಳಿದ್ದನಂತೆ. ನನಗೆ ತಿಳಿದದ್ದು ಹೋದ ವಾರ. ಕೇಳಿದ್ದಕ್ಕೆ ನಿಮ್ಮ ಮಾವ ಗೋಡೆ ನೋಡಿಕೊಂಡು ಹೇಳಿದರು.

“ಅವ್ರಿಗೊಂದು ಸಂಸಾರ ಆಗೈತೆ, ಅವ್ರ ಪಾಡಿಗ್ ಅವ್ರನ್ನ ಬುಡು. ಈ ಸಹಿ ಒಂದಾಗೋದ್ರೆ ಆಮೇಲೆ ಅಳಿಯಂದ್ರು ನಮ್ಮನೆಗೆ ಯಾಕ್ ಬತ್ತಾರೆ ಹೇಳು?”

ಇಷ್ಟು ದಿನ ಒಂದೊಂದು ಕಾರಿಗೂ ಕೊಂಕು ತೆಗೆದದ್ದು ದುಡ್ಡಿಗಲ್ಲ ದಯಾನಂದ. ಯಾವುದಾದರೂ ಒಂದು ಒಪ್ಪಿಗೆಯಾದರೆ ನಿಮ್ಮನ್ನು ಕೇಳಬೇಕಾಗುತ್ತದಲ್ಲ, ಕೇಳಿದರೆ ಮುಗಿದುಹೋಗುತ್ತದಲ್ಲ ಎಂದು. ನಾನು ಸುಮ್ಮಸುಮ್ಮನೆ ಅವರನ್ನು ಜಿಪುಣ ಎಂದೆ.

ಈಗ ತಿಪಟೂರಿನ ಹಳೇ ಕಾರಿನ ಅಂಗಡಿಯಲ್ಲಿ ಒಂದು ಬೂದು ಬಣ್ಣದ ಕಾರು ಒಪ್ಪಿಗೆಯಾಗಿದೆ. ಎತ್ತರ ಸರಿಯಾಗಿದೆ, ಡಿಕ್ಕಿಯೂ ದೊಡ್ಡದು, ನಮ್ಮ ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುತ್ತಾರಂತೆ. ಸಹಿ ಹಾಕಬೇಕಾದ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ, ಎಲ್ಲೆಲ್ಲಿ ಎಂದು ಭೀಮರಾಜು ಪೆನ್ಸಿಲಿನಲ್ಲಿ ಗುರುತು ಮಾಡಿದ್ದಾನೆ. ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ನಿಮ್ಮ ಮಾವನಿಗೆ ಮಾತ್ರ, ಅಳಿಯಂದಿರು ಖುದ್ದಾಗಿ ಬರಲೇಬೇಕಂತೆ ಎಂದು ಸುಳ್ಳು ಹೇಳಿದ್ದೇನೆ. ಬರಲಾಗದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ, ಅವರಿಗೆ ಏನಾದರೂ ಹೇಳಿಕೊಳ್ಳುತ್ತೇನೆ.

ಬರುವುದಾದರೆ ನಿಸರ್ಗಳನ್ನೂ ಕರೆದುಕೊಂಡು ಬನ್ನಿ. ಆ ಹುಡುಗಿ ನಮ್ಮ ಮನೆಗೆ ಬರಲು ಹಿಂಜರಿಯಬಹುದು, ಹೆದರಬೇಡ ಎಂದು ನಾನು ಹೇಳಿದೆನೆಂದು ಹೇಳಿ. ತಾಯಿ ಮನೆ ಇನ್ನೊಂದಿದ್ದರೆ ಹೆಣ್ಣಿಗೆ ನಷ್ಟವೇನಿಲ್ಲ. ಮಡಿಲು ತುಂಬಿ ಕಳಿಸುತ್ತೇನೆ. ಅವಳನ್ನು ನೋಡಿ ಅಳುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ನಿಮ್ಮಿಬ್ಬರ ಬಾಳು ತಂಪಾಗಿರಲಿ, ಮನೆಯಲ್ಲಿ ಮಕ್ಕಳ ಸದ್ದು ಕೇಳಲಿ. ಇದನ್ನು ಮನಸ್ಸಿಟ್ಟೇ ಬರೆದಿದ್ದೇನೆ.

ಈಗಲೂ ಹೀಗೆ ಬರೆದುಕೊಳ್ಳಬಹುದು ತಾನೇ,
ನಿಮ್ಮ ಅತ್ತೆ
ಗಿರಿಜಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾರು ಒಪ್ಪಿಗೆಯಾಯಿತು ಎಂದೆ, ಬುಕ್ ಮಾಡಲಾಗಲಿಲ್ಲ ಎನ್ನುವುದನ್ನು ಬಿಟ್ಟೆ. ಸೋಮವಾರ ಅಡ್ವಾನ್ಸ್ ಕೊಡಲು ಇಬ್ಬರೂ ಹೋಗಿದ್ದೆವು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ, ಯಾರ ಹೆಸರಿಗೆ ಮಾಡಲಿ ಸರ್ ಎಂದಳು. ನಿಮ್ಮ ಮಾವ ಗಾನವಿ ಎಂದುಬಿಟ್ಟರು. ಯೋಚಿಸಿ ಹೇಳಿದ್ದಲ್ಲ. ನಾನು ಅವರ ಮೊಣಕೈ ಹಿಡಿದೆ, ಅವರಿಗೆ ತಿಳಿಯಲಿಲ್ಲ. ಹುಡುಗಿ ಇನಿಷಿಯಲ್ ಕೇಳಿದಳು, ಅದನ್ನೂ ಹೇಳಿದರು. ಅವಳು ಟೈಪ್ ಮಾಡಿ ಮುಗಿಸಿ ತಲೆಯೆತ್ತಿ, “ಮಗಳು ಸಹಿ ಹಾಕೋಕೆ ಯಾವತ್ತು ಬರ್ತಾರೆ ಸರ್?” ಎಂದು ಕೇಳಿದಳು. ನಿಮ್ಮ ಮಾವ ತಿರುಗಿ ನನ್ನ ಮುಖ ನೋಡಿದರು, ಯಾವತ್ತು ಬರುತ್ತಾಳೆಂದು ನನಗೆ ಗೊತ್ತಿರುವ ಹಾಗೆ.