ಕೆಳಗಿನ ಮನೆಗೆ ಇಳಿದ ತಲೆನೋವು

ರೀ,

ನಾನು ಬೇಕರಿ ಕೆಲಸಕ್ಕೆ ಹೊರಟೆ. ಎದ್ದ ತಕ್ಷಣ ಫೋನ್ ಹಿಡ್ಕೊಂಡು ಕೂರಬೇಡಿ. ಮೊದಲು ನೀರು ಕುಡೀರಿ, ಆಮೇಲೆ ಏನಾದ್ರೂ ತಿನ್ನಿ. ಖಾಲಿ ಹೊಟ್ಟೇಲಿ ಕಾಫಿ ಮೇಲೆ ಕಾಫಿ ಕುಡಿದು, "ಅಯ್ಯೋ ತಲೆ" ಅಂತ ಸೋಫಾ ಮೇಲೆ ಬಿದ್ಕೊಂಡ್ರೆ ಈ ಸಲ ನಾನಂತೂ ಅಯ್ಯೋ ಅನ್ನಲ್ಲ.

ವ್ಯಾಯಾಮ ಮಾಡಿದ್ರೆ ತಲೆನೋವು ಕಡಿಮೆ ಆಗಬಹುದು ಅಂತ ಡಾಕ್ಟರ್ ಹೇಳಿದ್ದು ನಿಜ. ಆದ್ರೆ ಬೆಳಗಿನ ಜಾವ ಹಾಲ್‌ನಲ್ಲಿ ಹಗ್ಗ ಹಿಡಿದು ಧಡಧಡ ಕುಣೀರಿ ಅಂತ ಹೇಳಿರಲಿಲ್ಲ. ನಿಮ್ಮ ತಲೆನೋವು ವಾಸಿಯಾಗಿಲ್ಲ ರೀ, ಕೆಳಗಿನ ಮನೆಗೆ ಇಳಿದಿದೆ. ನಿನ್ನೆ ಆ ಮನೆ ಮೇಡಂ ತಲೆಗೆ ಬಟ್ಟೆ ಬಿಗಿದುಕೊಂಡು ಮೆಟ್ಟಿಲ ಹತ್ರ ಸಿಕ್ಕಿದ್ರು. "ನಿಮ್ಮ ಯಜಮಾನ್ರಿಗೆ ಈಗ ಹೇಗಿದೆ?" ಅಂತ ಹಲ್ಲು ಕಚ್ಚಿಕೊಂಡು ಕೇಳಿದ್ರು.

ಹಗ್ಗ ನನ್ನ ಬ್ಯಾಗಲ್ಲಿದೆ, ಮನೆಯೆಲ್ಲಾ ಹುಡುಕಬೇಡಿ. ಶೂ ಒರೆಸಿ ಬಾಗಿಲ ಹತ್ರ ಇಟ್ಟಿದ್ದೀನಿ. ಹೊರಗೆ ಹೋಗಿ ಎಷ್ಟು ಬೇಕೋ ಅಷ್ಟು ನಡೀರಿ. ಮೆಟ್ಟಿಲು ಮಾತ್ರ ಬೆಕ್ಕಿನ ಹಾಗೆ ಇಳೀರಿ.

ಸಂಜೆ ನಿಮ್ಮ ದವಡೆ ಹಲ್ಲು ಕೀಳಿಸೋದಿದೆ, ಮರೀಬೇಡಿ. ಕೀಳೋರು ಯಾರು ಅಂತ ನೆನಪಿದೆ ತಾನೇ? ಅದೇ ಕೆಳಗಿನ ಮನೆ ಮೇಡಂ.

ಇವತ್ತೊಂದು ದಿನ ಅವರು ಕಣ್ತುಂಬ ನಿದ್ದೆ ಮಾಡ್ಲಿ.