ಮುದ್ದೆಗೆ ಹಲ್ಲು ಬೇಕಿಲ್ಲ

ಮದ್ದೂರು
೨೨ ಜೂನ್ ೨೦೨೫, ಭಾನುವಾರ

ಮಳವಳ್ಳಿಯಲ್ಲಿರುವ ಮೋಟಾರ್ ವೈಂಡಿಂಗ್ ಅಫ್ಸರ್ ಪಾಷಾನಿಗೆ,

ಕ್ಷೇಮ ಬರೆದು ಶುರುಮಾಡುವುದು ರೂಢಿ. ಉಸಿರಾಡುತ್ತಿದ್ದೇನೆ, ಅದನ್ನೇ ಕ್ಷೇಮ ಅಂದುಕೋ. ನಿನ್ನಾಕೆ ಶಕೀಲಾಳ ಮಂಡಿನೋವು ಹೇಗಿದೆ? ನಾಲ್ಕು ತಿಂಗಳಿಂದ ನಿನ್ನ ಫೋನು ಎತ್ತಲಿಲ್ಲ. ಅದಕ್ಕೆ ಕ್ಷಮೆ ಕೇಳಬೇಕು, ಕೇಳಿದ್ದೇನೆ ಎಂದು ತಿಳಿದುಕೋ. ಮನಸ್ಸಿನಿಂದ ಬಂದದ್ದಲ್ಲ, ಸುಳ್ಳು ಯಾಕೆ. ಫೋನಿನಲ್ಲಾದರೆ ನಾನು ಬೈಯುತ್ತೇನೆ, ನೀನು ಸುಮ್ಮನಿರುತ್ತೀಯ, ನಿನ್ನ ಆ ಸುಮ್ಮನಿರುವಿಕೆಯನ್ನು ಕೇಳಿಸಿಕೊಂಡು ಕೂರುವ ಶಕ್ತಿ ನನಗಿಲ್ಲ. ಆದ್ದರಿಂದ ಕಾಗದ. ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್ ಕನ್ಸಿಡರೇಷನ್. ಮಂಡ್ಯದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ಈ ರಜಾ ಅರ್ಜಿಯ ಇಂಗ್ಲಿಷು ಮಾತ್ರ. ನೀನು ಎರಡನೇ ವರ್ಷಕ್ಕೇ ಬಿಟ್ಟು ನಿಮ್ಮಪ್ಪನ ಅಂಗಡಿಗೆ ಹೋದೆ. ನೀನೇ ಜಾಣ.

ಮೊದಲು ಹಲ್ಲಿನ ಸುದ್ದಿ. ಮೊನ್ನೆ ಗುರುವಾರ ಕೂರಿಸಿದರು. ಕೆಳದವಡೆಯಲ್ಲಿ ಬಲಗಡೆ ಎರಡು, ಎಡಗಡೆ ಒಂದು. ಮಾರ್ಚಿನಲ್ಲಿ ದವಡೆಯ ಮೂಳೆಗೆ ಟೈಟೇನಿಯಂ ತಿರುಪು ಬಿಗಿದಿದ್ದರು. ನೀನು ಮೋಟಾರಿಗೆ ತಳದ ಬೋಲ್ಟು ಇಳಿಸಿ ಸಿಮೆಂಟು ಒಣಗಲು ಬಿಡುತ್ತೀಯಲ್ಲ, ಥೇಟ್ ಹಾಗೆ. ಮೂಳೆ ಬೆಳೆದು ತಿರುಪನ್ನು ಹಿಡಿದುಕೊಳ್ಳಲು ಮೂರು ತಿಂಗಳು ಬೇಕಂತೆ. ಅಲ್ಲಿಯವರೆಗೂ ಗಂಜಿ, ಅನ್ನ, ಮುದ್ದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಮೂಳೆ ಹಿಡಿಯುವುದಿಲ್ಲ ಎಂದು ಶಾಲಿನಿ ಡಾಕ್ಟರು ಹೆದರಿಸಿದರು. ಹೊಗೆಸೊಪ್ಪನ್ನೂ ಬಿಡಿಸಿದರು. ನಲವತ್ತೈದು ವರ್ಷದ ಹೊಗೆಸೊಪ್ಪು, ಪಾಷಾ, ಒಂದೇ ದಿನಕ್ಕೆ ಬಿಟ್ಟೆ. ಬಿಡಲು ಬೇಕಾದ ಕೋಪ ನೀನು ಒದಗಿಸಿದ್ದೆ.

"ಈ ಹಲ್ಲಿಗೆ ಹುಳುಕು ಹಿಡಿಯಲ್ಲ ಸಾರ್, ಆದ್ರೆ ಸುತ್ತಲಿನ ವಸಡಿಗೆ ಕಾಯಿಲೆ ಬಂದ್ರೆ ತಿರುಪೇ ಸಡಿಲ ಆಗುತ್ತೆ. ದಿನಕ್ಕೆರಡು ಸಲ ಉಜ್ಜಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ" ಎಂದರು. ಸಂದಿಯಲ್ಲಿ ಆಡಿಸಲು ಬಾಟಲಿ ತೊಳೆಯುವಂಥದೇ ಬ್ರಷ್ಷು, ಕಡ್ಡಿಯಷ್ಟು ಸಣ್ಣದು, ಒಂದನ್ನು ಕೊಟ್ಟಿದ್ದಾರೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯಲ್ಲಿ ಉಜ್ಜಿದ ಬಾಯಿ ನನ್ನದು. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಆಗಿ ಭಾರತೀನಗರದ ಸುತ್ತಿನ ಗದ್ದೆಗಳಲ್ಲಿ ಕಬ್ಬು ಕಚ್ಚಿ, "ಇದು ಇನ್ನು ಹದಿನೈದು ದಿನ ನಿಲ್ಲಲಿ" ಎಂದು ಹೇಳುತ್ತಿದ್ದವನು. ಸಿಹಿ ಅಳೆಯುವ ಮಿಷನ್ನು ಆಮೇಲೆ ಅದನ್ನೇ ಹೇಳುತ್ತಿತ್ತು. ಟೀತ್ ಆಫ್ ಐರನ್ ಎಂದು ನೀನೇ ಹೆಸರಿಟ್ಟಿದ್ದೆ. ರಸ ಹೀರಿ, ಬಾಯಿ ಮುಕ್ಕಳಿಸದೆ ಮಲಗಿದ್ದಕ್ಕೆ ಆ ಐರನ್ನು ಒಳಗಿಂದ ತುಕ್ಕು ಹಿಡಿಯಿತು.

ಇರಲಿ. ಕಮಿಂಗ್ ಟು ದಿ ಪಾಯಿಂಟ್.

ಶಾಲಿನಿ ಡಾಕ್ಟರ ಹತ್ತಿರ ಹೋಗು ಎಂದು ಫೆಬ್ರವರಿಯಲ್ಲಿ ಹೇಳಿದವನು ನೀನು. "ಮಂಡ್ಯದಲ್ಲಿ ಅವ್ರೆ ಕಣ್ಲಾ, ಕೈ ಬಲು ಮೆತ್ತಗೆ" ಎಂದೆ. ನಿನಗೆ ಹೇಗೆ ಗೊತ್ತು ಎಂದರೆ "ಶಕೀಲಾಗೆ ತೋರ್ಸಿದ್ದೆ" ಎಂದೆ. ನಂಬಿದೆ. ನಾನು ಹೋದೆ. ಕೌಂಟರಿನ ಹುಡುಗಿ ನನ್ನ ಮೊಬೈಲ್ ನಂಬರು ಒತ್ತಿ, ಹುಬ್ಬು ಗಂಟಿಕ್ಕಿದಳು.

"ಈ ನಂಬರ್‌ಗೆ ಆಗ್ಲೇ ಒಂದು ಫೈಲ್ ಅದೆ ಸಾರ್. ದೇವಿರಮ್ಮ, ಐವತ್ತೆಂಟು ವರ್ಷ. ಯಾರು ಸಾರ್ ಅವ್ರು?"

ಯಾರು ಎಂದು ಹೇಳಲಿ? ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಗಿದೆ. ಅವಳ ಹತ್ತಿರ ಫೋನಿರಲಿಲ್ಲ. ಬಾಯಿಪಾಠ ಇದ್ದದ್ದು ನನ್ನ ನಂಬರೊಂದೇ. ಕ್ಲಿನಿಕ್ಕಿನಿಂದ ಮೆಸೇಜು ಬಂದಿರಲೂ ಸಾಕು, ನಾನು ಇಂಗ್ಲಿಷ್ ಮೆಸೇಜುಗಳನ್ನೆಲ್ಲ ಬ್ಯಾಂಕಿನವು ಎಂದು ಅಳಿಸುವವನು.

ತೀರಿಹೋದಳು ಎಂದ ಮೇಲೆ ಡಾಕ್ಟರು ಒಳಗೆ ಕರೆದು ಎಕ್ಸ್‌ರೇ ತೋರಿಸಿದರು. ಪಾಷಾ, ಸುಮಾರು ನಲವತ್ತು ವರ್ಷ ಸಂಸಾರ ಮಾಡಿದವಳ ಬಾಯೊಳಗನ್ನು ನಾನು ಮೊದಲ ಸಲ ನೋಡಿದ್ದು ಆ ಕಂಪ್ಯೂಟರಿನಲ್ಲಿ. ಮುಂದಿನವು ಇದ್ದವು, ನಕ್ಕರೆ ಕಾಣುವಷ್ಟು. ಹಿಂದೆ, ಅಗಿಯುವ ಜಾಗದಲ್ಲಿ, ಎರಡು ಬೇರಿನ ಚೂರು ಬಿಟ್ಟರೆ ಖಾಲಿ. "ಒಬ್ಬ ಸಾಹೇಬರು, ಅವರ ಮನೆಯವರು, ಇವರನ್ನ ಮೂರು ಸಲ ಕರ್ಕೊಂಡು ಬಂದಿದ್ರು. ಹುಳುಕಿದ್ದನ್ನ ಕಿತ್ತ ಮೇಲೆ, ನಾಲ್ಕು ಇಂಪ್ಲಾಂಟ್ ಹಾಕಿ ಹಲ್ಲು ಕೂರಿಸೋಣ ಅಂದೆ. ಸಾಹೇಬರೂ ಹಾಕಿಸ್ಕಳಕ್ಕ ಅಂತ ಎಷ್ಟೋ ಹೇಳಿದ್ರು. ಹೊಸ ಹಲ್ಲು ಮನೇಲಿ ಗೊತ್ತಾಯ್ತದೆ, ಬ್ಯಾಡ ಅಂದ್ಬಿಟ್ರು. ಮತ್ತೆ ಊಟಕ್ಕೇನಮ್ಮ ಮಾಡ್ತೀರ ಅಂದ್ರೆ, ಮುದ್ದೆ ನುಂಗೋಳ್ಗೆ ಹಲ್ಲು ಯಾಕವ್ವ ಅಂತ ನಕ್ಕರು. ಬಹಳ ತಮಾಷೆ ಮನುಷ್ಯರು ಸಾರ್" ಎಂದರು ಡಾಕ್ಟರು.

ನಾನೂ ನಕ್ಕೆ. ನಗದೆ ಏನು ಮಾಡಲಿ.

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿನಗೆ ಫೋನು ಮಾಡಿದ್ದು ಆಮೇಲೆ. ನೆನಪಿರಬೇಕು ನಿನಗೆ.

"ಗೊತ್ತಿತ್ತೇನ್ಲಾ ನಿಂಗೆ?"

"ಗೊತ್ತಿತ್ತು."

"ಆರು ವರ್ಸ ಬಾಯ್ಗೆ ಬೀಗ ಹಾಕ್ಕಂಡಿದ್ದ ನೀನು?"

"ಅಕ್ಕ ಆಣೆ ಮಾಡಿಸ್ಕಂಡಿತ್ತು ಕಣ್ಲಾ ಹೊನ್ನ. ಯಾಕೆ ಅಂತ ನನ್ನ ಕೇಳ್ಬ್ಯಾಡ. ನಿಂಗೇ ಗೊತ್ತು."

ನಾನು ಅಲ್ಲಿಗೇ ಫೋನು ಕತ್ತರಿಸಿದೆ. ಅಕ್ಕಪಕ್ಕದವರು ನೋಡುತ್ತಿದ್ದರು. ಮದ್ದೂರಿನ ಬಸ್ಸು ಹತ್ತಿ ಟಿಕೆಟು ತೆಗೆಯುವುದನ್ನೇ ಮರೆತು, ಕಂಡಕ್ಟರಿನಿಂದಲೂ ಬೈಸಿಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ನಾಲ್ಕು ತಿಂಗಳಲ್ಲಿ ನನ್ನ ಕೋಪ ಇಳಿಯುತ್ತಿತ್ತೋ ಏನೋ. ಈ ಬಕ್ರೀದಿಗೆ ನಾನು ಬರಲಿಲ್ಲವೆಂದು ನಿನ್ನ ಮಗ ಫರ್ದೀನನ ಕೈಲಿ ಕ್ಯಾರಿಯರ್ ಕಳಿಸಿದೆಯಲ್ಲ? ಅವನು ಬೈಕಿನಿಂದ ಇಳಿದವನೇ, "ತಗಳಿ ದೊಡ್ಡಪ್ಪ, ಖೀಮಾ. ದೊಡ್ಡಮ್ಮಂಗೆ ಮಾಡ್ಕೊಡ್ತಿದ್ದಂಗೇ ಮೆತ್ತಗೆ ಮಾಡವ್ರೆ ಅಮ್ಮ. ನಿಮ್ಗಿನ್ನೂ ಹಲ್ಲು ಕೂರ್ಸಿಲ್ಲ ಅಂತ ದೀಪಿಕಕ್ಕ ಹೇಳ್ತು" ಎಂದ.

"ಯಾವ ದೊಡ್ಡಮ್ಮಂಗ್ಲಾ?" ಎಂದೆ.

"ಇನ್ಯಾವ ದೊಡ್ಡಮ್ಮ? ನಮ್ಮನೆಗೆ ಬಂದಾಗೆಲ್ಲ ಒಳ್ಗಡೆ ಕೂತ್ಕಂಡು ತಿಂತಿರ್ಲಿಲ್ವಾ?"

ಪಾಪ, ಅವನಿಗೇನು ಗೊತ್ತು. ನಾನು ಕ್ಯಾರಿಯರಿನ ಮುಚ್ಚಳವನ್ನೂ ತೆಗೆಯದೆ ವಾಪಸ್ಸು ಕೊಟ್ಟೆ. ಅವನು ಕಣ್ಣು ಬಿಟ್ಟುಕೊಂಡು ನಿಂತ. ಅವನ ತಪ್ಪಿಲ್ಲ ಎಂದು ನನ್ನ ಪರವಾಗಿ ಹೇಳು.

ನನಗೆ ಅವಳು ಹೇಳಿದ್ದೇನು ಗೊತ್ತಲ್ಲ ನಿನಗೆ? "ಮನೆದೇವ್ರಿಗೆ ಅರಕೆ ಕಟ್ಕಂಡಿವ್ನಿ, ಇನ್ಮ್ಯಾಲೆ ಬಾಡು ಮುಟ್ಟಾಕಿಲ್ಲ." ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ಮೆರೆದೆ. ಬೀಗರೂಟ, ಬಾಡೂಟ ಎಲ್ಲಿ ಹೋದರೂ, ನಮ್ಮವಳಿಗೆ ಬರೀ ಅನ್ನ ತಿಳಿಸಾರು ಬಡಿಸಿ, ಹರಕೆಯವಳು ಎನ್ನುತ್ತಿದ್ದೆ. ನಿನ್ನ ಅಂಗಡಿಯ ಮುಂದೆ ನಿಂತು ಎಷ್ಟು ಸಲ ಹೇಳಿಲ್ಲ? ನೀನು ಮೋಟಾರಿಗೆ ತಂತಿ ಸುತ್ತುತ್ತಾ, ತಲೆ ಎತ್ತದೆ, "ಊಂ ಕಣ್ಲಾ" ಎನ್ನುತ್ತಿದ್ದೆ. ಅದೇ ಹೊತ್ತಿನಲ್ಲಿ ನಿನ್ನ ಅಡುಗೆಮನೆಯಲ್ಲಿ ಅವಳು ಕೊಚ್ಚಿದ ಬಾಡಿನ ಖೀಮಾ ತಿನ್ನುತ್ತಿದ್ದಳು. ಹಲ್ಲಿಲ್ಲದ್ದನ್ನು ಮುಚ್ಚಲು ಹೇಳಿದ ಆ ಹರಕೆ ಸುಳ್ಳು ಎಂದು ನಿನ್ನ ಮನೆಯ ಬೆಕ್ಕಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬ.

ಈಗ ಎಡೆಯ ವಿಷಯ. ಇದನ್ನು ಬರೆಯಲೆಂದೇ ಕೂತದ್ದು. ಪಿತೃಪಕ್ಷದಲ್ಲಿ ನಮ್ಮಲ್ಲಿ ಹಿರಿಯರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೇ ಎಡೆ ಇಡುವುದು ನಿನಗೆ ಗೊತ್ತು. ನಮ್ಮಪ್ಪನಿಗೆ ತಲೆಮಾಂಸ, ನಮ್ಮವ್ವನಿಗೆ ಕೋಳಿಸಾರು. ದೇವಿರಿಗೆ? ಹರಕೆಯವಳಲ್ಲವೇ, ಪ್ರತಿ ವರ್ಷವೂ ಪಾಯಸ, ವಡೆ, ಕೋಸಂಬರಿ ಇಟ್ಟೆ. ಬಾಡಿನ ಎಡೆಗಳ ಪಕ್ಕದಲ್ಲಿ ಅವಳದು ಬೇರೆ ಎಲೆ. ಅವಳಿಗೆ ಬಾಡೆಂದರೆ ಪ್ರಾಣ ಪಾಷಾ! ಮದುವೆಯಾದ ಹೊಸದರಲ್ಲಿ ನನ್ನ ಎಲೆಯ ಮೂಳೆಯನ್ನೂ ಎತ್ತಿಕೊಂಡು ಚೀಪುತ್ತಿದ್ದವಳು. ಹೋದ ಪಿತೃಪಕ್ಷದಲ್ಲಿ ನೀನು ಬಂದಿದ್ದೆ. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, ಅವಳ ಫೋಟೋ ನೋಡಿದೆ, ಕೋಸಂಬರಿ ನೋಡಿದೆ, ಒಂದು ಮಾತಾಡಲಿಲ್ಲ. ಬದುಕಿದ್ದವಳಿಗೆ ಕೊಟ್ಟ ಆಣೆ, ಒಪ್ಪುತ್ತೇನೆ. ಸತ್ತವಳು ಉಪವಾಸ ಬೀಳುವಾಗಲೂ ಆಣೆಯೇನೋ? ಹೊರಗೆ ಕರೆದು, "ಲೇ ಹೊನ್ನ, ಒಂದು ಚೂರು ಬಾಡು ಇಡ್ಲಾ" ಎಂದಿದ್ದರೆ ನಿನ್ನ ನಾಲಗೆ ಬಿದ್ದುಹೋಗುತ್ತಿತ್ತೇ? ದಿಸ್ ಈಸ್ ನಾಟ್ ಫ್ರೆಂಡ್‌ಶಿಪ್. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪದವಿದೆ, ಬಾಯಿಗೆ ಬರುತ್ತಿಲ್ಲ, ನಂಬಿಕೆದ್ರೋಹ ಎಂದೇ ಇಟ್ಟುಕೋ.

ಮಗಳು ದೀಪಿಕ ನಿನ್ನ ಕಡೆ. "ಪಾಷಾ ಮಾವನ ಮೇಲೆ ಯಾಕಪ್ಪ ಕೋಪ? ಅವ್ವ ಬ್ಯಾಡ ಅಂದಿದ್ದಕ್ಕೆ ತಾನೆ" ಎನ್ನುತ್ತಾಳೆ. ಅವಳಿಗೂ ಮೊದಲೇ ಗೊತ್ತಿತ್ತೇ ಎಂದು ಕೇಳಬೇಕು. ಧೈರ್ಯ ಸಾಲದು.

ಶುಕ್ರವಾರ ಕಾಲು ಕೆಜಿ ಬಾಡು ತಂದು ನಾನೇ ಬೇಯಿಸಿಕೊಂಡೆ. ಹೊಸ ಹಲ್ಲು ಚೆನ್ನಾಗಿ ಕೆಲಸ ಮಾಡುತ್ತವೆ, ಡಾಕ್ಟರ ಮೇಲೆ ದೂರಿಲ್ಲ. ಅಗಿದೆ, ಅಗಿದೆ. ತಟ್ಟೆ ಮುಚ್ಚಿಟ್ಟು ಎದ್ದೆ.

ಹೇಳುವುದನ್ನು ಹೇಳಿದ್ದೇನೆ. ಉತ್ತರ ಬರೆಯಬೇಡ. ಫರ್ದೀನ್ ನೂರು ವರ್ಷ ಬಾಳಲಿ, ಅವನ ಅಂಗಡಿ ಕೆಲಸ ಬೆಳೆಯಲಿ. ಶಕೀಲಾಳ ಮಂಡಿ ಬೇಗ ವಾಸಿಯಾಗಲಿ. ನಿನಗೂ ದೇವರು ಆಯಸ್ಸು ಕೊಡಲಿ. ನಿನ್ನ ಬಾಯಿ ತೋರಿಸಿಕೋ, ಬೀಡಿ ಸೇದಿ ಸೇದಿ ವಸಡು ಕಪ್ಪಾಗಿದೆ. ದೂರವಿರುವವನು ಹೇಳಬಾರದು ಎಂದೇನಿಲ್ಲ.

ನಿನ್ನ ಗೆಳೆಯ ಎಂದು ಬರೆಯಲು ಕೈ ಓಡುತ್ತಿಲ್ಲ. ಆದ್ದರಿಂದ
ಯುವರ್ಸ್ ಫೇತ್‌ಫುಲಿ,
ಹೊನ್ನಯ್ಯ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ಡಾಕ್ಟರ ಹತ್ತಿರ ಅವಳು ಹೇಳಿ ನಕ್ಕ ಆ ಮಾತು ಅವಳದಲ್ಲ. ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ಹೊಳಲಿನಲ್ಲಿ ನಮ್ಮಣ್ಣ ಅಂಕಯ್ಯನ ಹೊಸಮನೆಯ ಬಾಡೂಟ. ನೀನು ನನ್ನ ಎಡಗಡೆ ಕೂತಿದ್ದೆ. ಸಾರು ಬಡಿಸುತ್ತಾ ಬಂದವಳು ನನ್ನ ಕಿವಿಯ ಹತ್ತಿರ ಬಗ್ಗಿ, "ಹಲ್ಲು ಸ್ಯಾನೆ ನೋಯ್ತವೆ, ಒಂದ್ಸಲ ಮಂಡ್ಯಕ್ಕೆ ಕರ್ಕಂಡೋಗಿ" ಎಂದಳು. ಮೆತ್ತಗೇ ಹೇಳಿದಳು. ನಾನು ಮೂಳೆ ಕಡಿಯುತ್ತಾ, ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದೆ: "ಮುದ್ದೆ ನುಂಗೋಳ್ಗೆ ಹಲ್ಲು ಯಾಕಮ್ಮಿ? ಈ ವಯಸ್ಸಲ್ಲಿ ಇನ್ನೊಂದ್ ಮದ್ವೆ ಆಯ್ತೀಯಾ?"

ಪಂಕ್ತಿಯೆಲ್ಲ ನಕ್ಕಿತು. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಮುಂದಿನ ಎಲೆಗೆ ಹೋದಳು. ನೀನೊಬ್ಬ ನಗಲಿಲ್ಲ, ಎಲೆ ನೋಡುತ್ತಾ ಕೂತಿದ್ದೆ. ಅದು ಭಾನುವಾರ. ಅವಳ ಫೈಲಿನಲ್ಲಿ ಮೊದಲ ತಾರೀಖು ಅದೇ ವಾರದ ಬುಧವಾರ.

ನೀನು ಅವತ್ತು ನಗಲಿಲ್ಲವಲ್ಲ, ಈ ನಾಲ್ಕು ತಿಂಗಳು ನನ್ನ ಕೈಲಿ ಸಹಿಸಲಾಗದೆ ಇದ್ದದ್ದು ಅದು.

ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಬರುತ್ತದೆ. ಎಡೆಗೆ ಖೀಮಾ ಬೇಕೆಂದು ಶಕೀಲಾಳಿಗೆ ಹೇಳು. ದೇವಿರಿಗೆ ಮಾಡಿಕೊಡುತ್ತಿದ್ದಷ್ಟೇ ಮೆತ್ತಗೆ. ಫರ್ದೀನನ ಕೈಲಿ ಕಳಿಸಬೇಡ. ನೀನೇ ತಾ.